ಯಂತ್ರಕ್ಕೆ ಬೇಲಿ

ಚಿಕ್ಕಂದಿನಲ್ಲಿ ಮನೆಯ ಹೆಂಗಸರ ಸಂಗಡ ಊರ ಹಿಟ್ಟಿನ ಗಿರಣಿಗೆ ಹೋಗುತ್ತಿದ್ದ ನೆನಪು ನನಗೆ ಇನ್ನೂ ಮಾಸಿಲ್ಲ. ಕೋಣೆಯ ಒಂದು ಮೂಲೆಯಲ್ಲಿ ಎಂಜಿನು, ಇನ್ನೊಂದು ಮೂಲೆಯಲ್ಲಿ ಬೀಸುವ ಕಲ್ಲು. ಇವೆರಡರ ನಡುವೆ ಚಟಪಟ ಸದ್ದು ಮಾಡುತ್ತ ಓಡುತ್ತಿದ್ದ, ಗೇಣಗಲದ ಪಟ್ಟೆ. ಜೋಳದ ಬುಟ್ಟಿಗಳನ್ನು ಇಳಿಸಿಕೊಂಡು ಸರದಿಗಾಗಿ ಕುಳಿತವರು ಆ ಪಟ್ಟೆಯಿಂದ ಎರಡು ಮೊಳ ದೂರದಲ್ಲಿಯೇ ಕುಳಿತಿರುತ್ತಿದ್ದರು. ಗಿರಣಿಯವನು ಒಳ್ಳೆಯ ಮನುಷ್ಯ. ಆಗಾಗ ತಲೆಯೆತ್ತಿ, “ಸೆರಗು ಬಿಗಿಯಾಗಿ ಸಿಗಿಸಿಕೊಳ್ಳಿರವ್ವಾ” ಎಂದು ಕೂಗಿ ಹೇಳುತ್ತಿದ್ದನು. ಒಂದು ದಿನ ಅವನ ಕೈಕೆಳಗೆ ಕೆಲಸಕ್ಕಿದ್ದ ಹುಡುಗನ ಅಂಗಿಯ ತೋಳು ಪಟ್ಟೆಗೆ ಸಿಕ್ಕಿ, ಅವನ ಬಲಗೈ ಮೊಣಕೈಯ ಬಳಿ ಮುರಿಯಿತು. ಆ ಹೊತ್ತಿಗೆ ಊರಿನಲ್ಲಿ ಎಲ್ಲರೂ ಆಡಿದ ಮಾತು ಒಂದೇ: “ಹುಡುಗ ಮೈಮರೆತಿದ್ದ.” ಹುಡುಗನ ತಂದೆಯೂ ಹಾಗೆಯೇ ಅಂದನು. ಪಟ್ಟೆಯ ಎರಡು ಪಕ್ಕಕ್ಕೆ ನಾಲ್ಕು ಬಿದಿರಿನ ಗಳುಗಳನ್ನು ಕಟ್ಟಿದ್ದರೆ ಆಗುತ್ತಿತ್ತೆಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ನಮ್ಮ ಮನೆಯಲ್ಲಿಯೂ ಬರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮದು ನಾಲ್ಕಕ್ಷರ ಓದಿದವರ ಮನೆಯೇ ಆಗಿತ್ತು.

ಯಂತ್ರದ ಮುಂದೆ ಎಚ್ಚರವಾಗಿರಬೇಕಾದವರು ಯಾರು? ಯಂತ್ರದ ಬಳಿ ನಿಂತವನೋ, ಯಂತ್ರವನ್ನು ನಿಲ್ಲಿಸಿದವನೋ? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಇದಕ್ಕೆ ಒಂದು ಉತ್ತರದಿಂದ ಇನ್ನೊಂದು ಉತ್ತರಕ್ಕೆ ಬರುವುದಕ್ಕೆ ಇಂಗ್ಲೆಂಡಿನಂಥ ದೇಶಕ್ಕೂ ನೂರು ವರುಷಗಳು ಹಿಡಿದವು. ನಮ್ಮ ದೇಶದಲ್ಲಿ ಇದೇ ಪ್ರಶ್ನೆಯು ಬೇರೊಂದು ಜಗಳದೊಡನೆ ತೊಡಕಿಕೊಂಡು, ದೇಶಾಭಿಮಾನಿಗಳಾದ ದೊಡ್ಡವರೇ ತಪ್ಪು ಪಕ್ಷದಲ್ಲಿ ನಿಲ್ಲುವ ಪ್ರಸಂಗ ಬಂದಿತು. ಆ ಕಥೆಯನ್ನು ಬೇಲಿಯೊಂದನ್ನೇ ಹಿಡಿದುಕೊಂಡು ಹೇಳಬಹುದೆಂದು ನನಗೆ ತೋರುತ್ತದೆ.

ಕಾರ್ಖಾನೆಗಳಿಗೆ ಕಾಯಿದೆಯೆಂಬುದು ಮೊದಲು ಹುಟ್ಟಿದುದು ಇಂಗ್ಲೆಂಡಿನಲ್ಲಿ, 1802ರಲ್ಲಿ. ಹತ್ತಿಯ ಗಿರಣಿಗಳಿಗೆ ಅನಾಥ ಮಕ್ಕಳನ್ನು ಗಾಡಿಗಟ್ಟಲೆ ತಂದು ತುಂಬುತ್ತಿದ್ದ ಕಾಲ ಅದು. ಆ ಕಾಯಿದೆಯು ಗಿರಣಿಯ ಗೋಡೆಗಳಿಗೆ ವರುಷಕ್ಕೆರಡು ಸಲ ಸುಣ್ಣ ಬಳಿಯಬೇಕು, ಗಾಳಿ ಬರಲು ಕಿಟಕಿಗಳಿರಬೇಕು ಎಂದು ವಿಧಿಸಿತು. ನೋಡಿಕೊಳ್ಳುವ ಕೆಲಸವನ್ನು ಊರ ನ್ಯಾಯಾಧಿಕಾರಿಗೂ ಪಾದ್ರಿಗೂ ಒಪ್ಪಿಸಲಾಯಿತು. ಅವರು ಗಿರಣಿಯ ಒಡೆಯನ ನೆರೆಹೊರೆಯವರು, ಅನೇಕ ವೇಳೆ ಅವನ ಮನೆಯ ಊಟಕ್ಕೆ ಕರೆಯಿಸಿಕೊಳ್ಳುವವರು. ಸುಣ್ಣ ಎಷ್ಟು ಗೋಡೆಗಳಿಗೆ ಬಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು. ಸರಕಾರದ ಸಂಬಳ ತಿನ್ನುವ, ಯಾರ ಮನೆಯ ಊಟಕ್ಕೂ ಕಾಯದ ಇನ್‌ಸ್ಪೆಕ್ಟರುಗಳು ಬಂದುದು 1833ರ ಕಾಯಿದೆಯಿಂದ. ಇಡೀ ದೇಶಕ್ಕೆ ಅವರು ನಾಲ್ವರು!

ಆಗಿನ ಗಿರಣಿಯ ಒಳಗು ಹೇಗಿದ್ದಿತೆಂಬುದನ್ನು ತಿಳಿಯದೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಒಂದೊಂದು ಯಂತ್ರಕ್ಕೂ ಒಂದೊಂದು ವಿದ್ಯುತ್ತಿನ ಮೋಟಾರು ಇರುವ ಈಗಿನ ಏರ್ಪಾಡು ಆಗ ಇರಲಿಲ್ಲ. ನೆಲಮಹಡಿಯಲ್ಲಿ ಒಂದು ದೊಡ್ಡ ಉಗಿಯಂತ್ರ. ಅದರ ಬಲವನ್ನು ಪ್ರತಿಯೊಂದು ಮಹಡಿಗೂ ಒಯ್ಯಲು, ಸೂರಿನ ಕೆಳಗೆ ಉದ್ದಕ್ಕೂ ತಿರುಗುವ ಶಾಫ್ಟುಗಳೆಂಬ ಕಬ್ಬಿಣದ ದಂಡಗಳು. ಆ ದಂಡಗಳ ಮೇಲಿನ ಗಾಲಿಗಳಿಂದ ಕೆಳಗಿನ ನೂರಾರು ಮಗ್ಗ ಕದಿರುಗಳಿಗೆ ಇಳಿದ ತೊಗಲಿನ ಪಟ್ಟೆಗಳು. ನಯವಾಗಿ ತಿರುಗುವ ದಂಡವು ನಿಂತಂತೆಯೇ ಕಾಣುತ್ತದೆ. ಒಂದು ಪಟ್ಟೆ ಜಾರಿ ಕೆಳಕ್ಕೆ ಬಿದ್ದರೆ, ಎಂಜಿನನ್ನು ನಿಲ್ಲಿಸದೆ, ಏಣಿ ಹತ್ತಿ ಅದನ್ನು ಮತ್ತೆ ಗಾಲಿಗೆ ಏರಿಸಬೇಕು. ಹಾಗೆ ಏರಿಸುವಾಗ ಪಟ್ಟೆಯು ದಂಡಕ್ಕೆ ಸುತ್ತಿಕೊಂಡಿತೆಂದರೆ, ಅದರೊಡನೆ ಮನುಷ್ಯನ ಕೈಯೋ ಬಟ್ಟೆಯೋ ಸುತ್ತಿಕೊಳ್ಳುತ್ತದೆ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ತಿರುಗುವ ದಂಡವು ಅವನನ್ನು ಸೂರಿಗೆ ಅಪ್ಪಳಿಸುತ್ತ ತಿರುಗಿಸುತ್ತದೆ. ಮುಂದಿನದನ್ನು ಬರೆಯುವ ಅಗತ್ಯವಿಲ್ಲ. ಲಂಕಾಶೈರಿನ ಜನಕ್ಕೆ ಅದು ಹೊಸ ಸುದ್ದಿಯಾಗಿರಲಿಲ್ಲ.

ಹೀಗೆ ಸತ್ತವನ ಹೆಂಡತಿ ಮಕ್ಕಳಿಗೆ ನ್ಯಾಯಾಲಯವೇನಾದರೂ ಕೊಡಿಸುತ್ತಿತ್ತೆ? ಇದಕ್ಕೆ ಉತ್ತರವು 1837ರ ಒಂದು ಮೊಕದ್ದಮೆಯಲ್ಲಿದೆ. ಅದು ಗಿರಣಿಯದಲ್ಲ, ಕಟುಕನ ಅಂಗಡಿಯದು. ಪ್ರೀಸ್ಟ್ಲಿಯೆಂಬ ಆಳು ತನ್ನ ಒಡೆಯನಾದ ಫೌಲರನ ಗಾಡಿಯಲ್ಲಿ ಮಾಂಸ ಸಾಗಿಸುತ್ತಿದ್ದಾಗ, ಭಾರ ಹೆಚ್ಚಾಗಿ ಗಾಡಿ ಮುರಿದು, ಅವನ ತೊಡೆಯ ಮೂಳೆ ಮುರಿಯಿತು. ನ್ಯಾಯಾಧೀಶರಾದ ಲಾರ್ಡ್ ಅಬಿಂಜರರು ಒಡೆಯನು ಹೊಣೆಯಲ್ಲವೆಂದರು. ಗಾಡಿಗೆ ಭಾರ ಹೆಚ್ಚಾಗಿದೆಯೆಂಬುದು ಒಡೆಯನಿಗೆ ಎಷ್ಟು ಗೊತ್ತಾಗಬಹುದೋ ಆಳಿಗೂ ಅಷ್ಟೇ ಗೊತ್ತಾಗಬಹುದು; ಗೊತ್ತಿದ್ದೂ ಹತ್ತಿದವನು ಅಪಾಯವನ್ನು ತಾನೇ ಒಪ್ಪಿಕೊಂಡಂತೆ. ಇಂಥ ದಾವೆಗಳಿಗೆ ಬಾಗಿಲು ತೆರೆದರೆ, ಆಳನ್ನು ಒದ್ದೆ ಹಾಸಿಗೆಯಲ್ಲಿ ಮಲಗಿಸಿದ ದಾಸಿಯ ತಪ್ಪಿಗೂ ಒಡೆಯನು ದಂಡ ತೆರಬೇಕಾದೀತು ಎಂಬುದೂ ಅವರ ತರ್ಕದಲ್ಲಿ ಸೇರಿತ್ತು. ಈ ತೀರ್ಪಿನಿಂದ ಬೆಳೆದ ತತ್ತ್ವದ ಸಾರವಿಷ್ಟು: ಕೆಲಸಕ್ಕೆ ಸೇರಿದವನು ಆ ಕೆಲಸದ ಅಪಾಯಗಳನ್ನೂ, ಜೊತೆಯ ಕೆಲಸಗಾರನ ತಪ್ಪಿನ ಫಲವನ್ನೂ ಸಂಬಳದ ಜೊತೆಯಲ್ಲಿಯೇ ಒಪ್ಪಿಕೊಂಡಿರುತ್ತಾನೆ. ಜೊತೆಗಾರನ ತಪ್ಪಿನ ಮಾತು ಇಂಗ್ಲೆಂಡಿನ ಕಾನೂನಿನಿಂದ ಪೂರ್ತಿಯಾಗಿ ಅಳಿದುದು 1948ರಲ್ಲಿ. ಹಸಿದವನು ಕೂಲಿಗೆ ನಿಂತಾಗ ಯಾವ ಯಾವ ಅಪಾಯಗಳನ್ನು ತೂಗಿನೋಡಿ ನಿಲ್ಲುತ್ತಾನೆಂಬುದನ್ನು ಆ ನ್ಯಾಯಪೀಠವು ವಿಚಾರಿಸಿದಂತೆ ಕಾಣುವುದಿಲ್ಲ.

ಬೇಲಿಯು ಕಾಯಿದೆಯೊಳಕ್ಕೆ ಬಂದುದು 1844ರಲ್ಲಿ. ಗಿರಣಿಯ ಶಾಫ್ಟುಗಳಿಗೂ ಗಾಲಿಗಳಿಗೂ ಭದ್ರವಾದ ಮರೆ ಕಟ್ಟಬೇಕು. ಓಡುವ ಯಂತ್ರವನ್ನು ಹೆಂಗಸರಿಂದಲೂ ಮಕ್ಕಳಿಂದಲೂ ಒರಸಿಸಕೂಡದು. ಪೆಟ್ಟು ತಗುಲಿದವನು ಮರುದಿನ ಬೆಳಗಿನ ಒಂಬತ್ತು ಗಂಟೆಯೊಳಗೆ ಕೆಲಸಕ್ಕೆ ಬರಲಾರದೆ ಹೋದರೆ ವೈದ್ಯನಿಗೆ ವರದಿ ಹೋಗಬೇಕು. ಇನ್‌ಸ್ಪೆಕ್ಟರನು ಎಚ್ಚರಿಕೆ ಕೊಟ್ಟ ಮೇಲೂ ಬೇಲಿಯಿಲ್ಲದ ಯಂತ್ರದಿಂದ ಪೆಟ್ಟಾದರೆ ಹತ್ತರಿಂದ ನೂರು ಪೌಂಡಿನವರೆಗೆ ದಂಡ, ಆ ದಂಡದ ಹಣವನ್ನು ಗಾಯಗೊಂಡವನಿಗೇ ಕೊಡಿಸಬಹುದು. ಕಾಗದದ ಮೇಲೆ ಇದಕ್ಕಿಂತ ಚೆನ್ನಾದುದನ್ನು ಬಯಸಲಾಗದು. ಆದರೆ ನೆಲದಿಂದ ಏಳು ಅಡಿಗಿಂತ ಮೇಲಿರುವ ದಂಡಗಳಿಗೆ ಬೇಲಿ ಬೇಡ, ಅಷ್ಟೆತ್ತರಕ್ಕೆ ಯಾರ ಕೈಯೂ ಹೋಗದು ಎಂದು ಒಡೆಯರು ವಾದಿಸಿದರು. ಇನ್‌ಸ್ಪೆಕ್ಟರುಗಳು ಹತ್ತು ವರುಷಗಳ ಕಾಲ ಅದನ್ನು ಹೆಚ್ಚುಕಡಿಮೆ ಸಹಿಸಿಕೊಂಡರು. ಏಣಿ ಹತ್ತುವವನ ಕೈ ಎಷ್ಟೆತ್ತರಕ್ಕಾದರೂ ಹೋಗುತ್ತದಷ್ಟೆ. ಅಪಘಾತಗಳ ಪಟ್ಟಿಯು ಅದನ್ನೇ ಹೇಳುತ್ತಿತ್ತು. ಕೊನೆಗೆ 1854ರ ಜನವರಿಯಲ್ಲಿ, ಗೃಹಮಂತ್ರಿಯಾಗಿದ್ದ ಪಾಮರ್‌ಸ್ಟನ್ನರ ಕಾಲದಲ್ಲಿ, ಎತ್ತರವೆಷ್ಟೇ ಇರಲಿ ಎಲ್ಲ ಶಾಫ್ಟುಗಳಿಗೂ ಮರೆ ಕಟ್ಟಬೇಕೆಂದು ಸುತ್ತೋಲೆ ಹೊರಟಿತು.

ಮ್ಯಾಂಚೆಸ್ಟರು ಹೊತ್ತಿಕೊಂಡಿತು. 1855ರಲ್ಲಿ ಗಿರಣಿಯ ಒಡೆಯರು ಸೇರಿ ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿ, ಅಶ್ವಶಕ್ತಿಗೆ ಇಂತಿಷ್ಟೆಂದು ವಂತಿಗೆಯೆತ್ತಿ, ಬೇಲಿ ಕಟ್ಟದುದಕ್ಕಾಗಿ ಮೊಕದ್ದಮೆಗೆ ಸಿಕ್ಕಿದ ಸದಸ್ಯರ ಖರ್ಚನ್ನು ಸಂಘದ ಬೊಕ್ಕಸದಿಂದ ಕೊಡಲು ಮುಂದಾದರು. ಬೇಲಿಗೆ ಬದಲಾಗಿ, ಜಾರಿದ ಪಟ್ಟೆಯು ದಂಡದ ಮೇಲೆ ಬೀಳದಂತೆ ತಡೆಯುವ ಕೊಕ್ಕೆಗಳನ್ನು ಹಾಕಿದರೆ ಸಾಕೆಂಬುದು ಅವರ ಸೂಚನೆಯಾಗಿತ್ತು.

ಈ ಜಗಳದಲ್ಲಿ ಇಬ್ಬರು ಬರಹಗಾರರು ಇದಿರುಬದಿರಾಗಿ ನಿಂತುದು ಇಂಗ್ಲೆಂಡಿನ ಸಾಹಿತ್ಯಚರಿತ್ರೆಯ ಒಂದು ವಿಚಿತ್ರ ಅಧ್ಯಾಯ. ಒಂದು ಕಡೆ ಚಾರ್ಲ್ಸ್ ಡಿಕನ್ಸರ ವಾರಪತ್ರಿಕೆಯಾದ ‘ಹೌಸ್‌ಹೋಲ್ಡ್ ವರ್ಡ್ಸ್’. ಅದರಲ್ಲಿ ಹೆನ್ರಿ ಮಾರ್ಲಿಯೆಂಬ ಲೇಖಕನು 1854–55ರಲ್ಲಿ ಗಿರಣಿಯ ಅಪಘಾತಗಳನ್ನು ಕುರಿತು ಮೇಲಿಂದ ಮೇಲೆ ಬರೆದನು. ಇನ್ನೊಂದು ಕಡೆ ಹ್ಯಾರಿಯೆಟ್ ಮಾರ್ಟಿನೊ. ಈಕೆಯನ್ನು ಕಟುಕಳೆಂದು ಯಾರೂ ಹೇಳಲಾರರು. ಕಿವುಡುತನವನ್ನೂ ದೀರ್ಘವ್ಯಾಧಿಯನ್ನೂ ಸಹಿಸಿಕೊಂಡು ಲೇಖನಿಯಿಂದಲೇ ಬದುಕಿದವಳು. ಅಮೆರಿಕದ ಗುಲಾಮಗಿರಿಯ ವಿರುದ್ಧ ನಿರ್ಭಯವಾಗಿ ಬರೆದವಳು. ಆಕೆಯೇ 1855ರಲ್ಲಿ ಒಡೆಯರ ಪಕ್ಷವನ್ನು ಹಿಡಿದು, ಕೈಹಾಕಬಾರದ ಕಡೆ ಕೈಹಾಕುವ ಕಾಯಿದೆಗಳ ವಿಷಯದಲ್ಲಿ ದೇಶವನ್ನು ಎಚ್ಚರಿಸುವ ಪುಸ್ತಿಕೆಯೊಂದನ್ನು ಬರೆದಳು. ಒಡೆಯರ ಸಂಘವೇ ಅದನ್ನು ಅಚ್ಚು ಹಾಕಿಸಿತು. ಲಕ್ಷಗಟ್ಟಲೆ ಕೂಲಿಗಾರರಲ್ಲಿ ಶಾಫ್ಟಿನಿಂದ ಸಾಯುವವರು ಎಣಿಕೆಗೆ ಬಾರದಷ್ಟು ಕಡಿಮೆ. ಅಪಘಾತದ ಪಟ್ಟಿಯಲ್ಲಿ ಬೆರಳು ತರಚಿದಂಥವೇ ಹೆಚ್ಚು. ಉಳಿದವುಗಳಲ್ಲಿ ಬಹುಪಾಲು ಕೂಲಿಗಾರರ ಅಜಾಗ್ರತೆಯಿಂದಾದುವು. ಬೆಳೆದ ಮನುಷ್ಯನನ್ನು ಮಗುವಿನಂತೆ ಕಾಯುವುದು ಸರಕಾರದ ಕೆಲಸವಲ್ಲ. ಆಕೆಯ ವಾದವನ್ನು ಹೀಗೆ ಸಂಗ್ರಹಿಸಬಹುದು. ಮಾರ್ಲಿಯ ಉತ್ತರವು ಆ ಲೆಕ್ಕಾಚಾರವನ್ನೇ ಹಿಡಿದು ಮಾಡಿದ ವಿಡಂಬನೆ: ಲಕ್ಷಕ್ಕೆ ಇಷ್ಟೆಂಬ ಭಿನ್ನರಾಶಿಯು ಚಿಕ್ಕದಾದರೆ ತಪ್ಪೂ ಚಿಕ್ಕದಾಗುವುದಾದರೆ, ಇಡೀ ದೇಶದ ಜನಸಂಖ್ಯೆಗೆ ಹೋಲಿಸಿದಾಗ ಯಾವ ಕೊಲೆಯು ದೊಡ್ಡದು?

ಮಾರ್ಟಿನೊ ಹೇಳಿದುದರಲ್ಲಿ ಒಂದು ಅಂಶವು ಸುಳ್ಳಲ್ಲವೆಂದು ನಾನು ಹೇಳುತ್ತೇನೆ. ಸತ್ತವರಲ್ಲಿ ಹಲವರು ನಿಜವಾಗಿಯೂ ಮೈಮರೆತಿದ್ದರು. ಹತ್ತೂವರೆ ಗಂಟೆ ಕೆಲಸ ಮಾಡಿದವನು ಮೈಮರೆಯದಿರುವನೆ? ಆಕೆಯ ತಪ್ಪು ಸಂಗತಿಯಲ್ಲಿರಲಿಲ್ಲ, ಆ ಸಂಗತಿಯಿಂದ ಎಳೆದ ತೀರ್ಮಾನದಲ್ಲಿ ಇದ್ದಿತು. ಮನುಷ್ಯನು ಮೈಮರೆಯುತ್ತಾನೆ, ಆದುದರಿಂದ ಬೇಲಿ ವ್ಯರ್ಥ ಎಂದು ಆಕೆ ಅಂದಳು. ಮನುಷ್ಯನು ಮೈಮರೆಯುತ್ತಾನೆ, ಆದುದರಿಂದಲೇ ಬೇಲಿ ಬೇಕು ಎನ್ನುವುದಕ್ಕೆ ಇನ್ನೂ ಕಾಲ ಬರಬೇಕಾಗಿತ್ತು.

ಗೆದ್ದವರು ಒಡೆಯರು. 1856ರ ಕಾಯಿದೆಯು ಬೇಲಿಯನ್ನು ಹೆಂಗಸರೂ ಮಕ್ಕಳೂ ತಮ್ಮ ನಿತ್ಯದ ಕೆಲಸದಲ್ಲಿ ತಾಗಬಹುದಾದ ಭಾಗಗಳಿಗೆ ಮಾತ್ರ ಮಿತಿಗೊಳಿಸಿ, ಉಳಿದ ವಿವಾದಗಳನ್ನು ಪಂಚಾಯತಿಗೆ ಬಿಟ್ಟಿತು. ಏಣಿ ಹತ್ತುವ ಗಂಡಾಳು ಮತ್ತೆ ತನ್ನ ಎಚ್ಚರವನ್ನೇ ನಂಬಬೇಕಾಯಿತು. 1833ರಿಂದ ಈ ಕೆಲಸದಲ್ಲಿಯೇ ಕೂದಲು ನರೆಯಿಸಿದ್ದ ಲಿಯೊನಾರ್ಡ್ ಹಾರ್ನರೆಂಬ ಇನ್‌ಸ್ಪೆಕ್ಟರನು ಇದನ್ನು ಹಿಂದಕ್ಕಿಟ್ಟ ಹೆಜ್ಜೆಯೆಂದು ಸರಕಾರದ ವರದಿಯಲ್ಲಿಯೇ ಬರೆದು, ಮೂರು ವರುಷಗಳ ಮೇಲೆ ನಿವೃತ್ತನಾದನು.

ಮುಂದಿನ ಬದಲಾವಣೆಗಳು ನಿಧಾನವಾಗಿ ಬಂದುವು. ಅವುಗಳನ್ನೆಲ್ಲ ವಿವರಿಸಲು ಇಲ್ಲಿ ಎಡೆಯಿಲ್ಲ. 1897ರ ಪರಿಹಾರದ ಕಾಯಿದೆಯು ತಪ್ಪು ಯಾರದೆಂಬುದನ್ನು ಬಹುಮಟ್ಟಿಗೆ ಬದಿಗಿಟ್ಟು, ಕೆಲಸದಲ್ಲಿ ಪೆಟ್ಟಾದರೆ ಒಡೆಯನು ಹಣ ಕೊಡಬೇಕೆಂದಿತು. ಪೆಟ್ಟಿಗೆ ಬೆಲೆ ಬಂದೊಡನೆ ಬೇಲಿಯ ಖರ್ಚು ಅಷ್ಟು ಭಾರವಾಗಿ ಕಾಣದಾಯಿತು! ಕೊನೆಗೆ 1955ರಲ್ಲಿ, ಆ ಪುಸ್ತಿಕೆಯ ಜಗಳಕ್ಕೆ ಸರಿಯಾಗಿ ನೂರು ವರುಷಗಳಾದಾಗ, ಸಾಣೆಯ ಚಕ್ರಕ್ಕೆ ಹೆಬ್ಬೆರಳು ಸಿಕ್ಕಿದ ಕೆಲಸಗಾರನೊಬ್ಬನ ಮೊಕದ್ದಮೆಯು ಲಾರ್ಡರ ಸಭೆಯ ಮುಂದೆ ಬಂದಿತು. ಪೂರ್ತಿ ಮರೆ ಕಟ್ಟಿದರೆ ಸಾಣೆಯ ಚಕ್ರವು ಕೆಲಸಕ್ಕೇ ಬಾರದೆಂದು ಕಂಪನಿಯವರು ವಾದಿಸಿದರು. ಬಾರದಿದ್ದರೆ ಬಾರದಿರಲಿ, ಕಾಯಿದೆಯು ಭದ್ರವಾಗಿ ಮರೆ ಕಟ್ಟೆಂದಿದೆ ಎಂಬುದು ತೀರ್ಪಿನ ತಿರುಳಾಗಿತ್ತು. ಅಪಾಯಕಾರಿಯಾದ ಭಾಗ ಯಾವುದೆಂದು ನಿಶ್ಚಯಿಸುವಾಗ, ಜಾಗರೂಕನಾದ ಕೆಲಸಗಾರನನ್ನಲ್ಲ, ಆಯಾಸದಿಂದಲೋ ಅಭ್ಯಾಸಬಲದಿಂದಲೋ ಮೈಮರೆತವನನ್ನೇ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂಬುದು ಆ ಹೊತ್ತಿಗೆ ಅಲ್ಲಿನ ನ್ಯಾಯಾಲಯಗಳ ಮಾಮೂಲು ಮಾತಾಗಿತ್ತು.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಕಾವಸಜಿ ದಾವರ್ ಎಂಬ ಪಾರಸಿ ವರ್ತಕರು 1854ರಲ್ಲಿ ಮುಂಬಯಿಯಲ್ಲಿ ಹತ್ತಿಯ ಗಿರಣಿಯನ್ನು ಸ್ಥಾಪಿಸಿದರು. ಎರಡು ವರುಷಗಳ ಮೇಲೆ ಅದು ನೂಲತೊಡಗಿತು. ಮುಂದೆ ಎದ್ದ ಗಿರಣಿಗಳಿಗೆ ಲಂಕಾಶೈರಿನಿಂದಲೇ ಕದಿರುಗಳೂ ಮಗ್ಗಗಳೂ ಬಂದುವು, ಸೂರಿನ ಕೆಳಗಿನ ಶಾಫ್ಟುಗಳೂ ಪಟ್ಟೆಗಳೂ ಬಂದುವು, ಅವುಗಳನ್ನು ನಡೆಸಲು ತಿಳಿದ ಆಂಗ್ಲ ಮೇಸ್ತ್ರಿಗಳೂ ಬಂದರು. ಕಾಯಿದೆಯೊಂದು ಮಾತ್ರ ಹಡಗು ಹತ್ತಲಿಲ್ಲ. ಧೋತರದ ಚುಂಗು, ಸೀರೆಯ ಸೆರಗು, ಬಿಚ್ಚಿದ ರುಮಾಲು ಇವು ಪಟ್ಟೆಗೆ ಸಿಕ್ಕುವುದಕ್ಕೆ ಇಂಗ್ಲೆಂಡಿನ ಬಿಗಿಯುಡುಪಿಗಿಂತ ಹೆಚ್ಚು ಅನುಕೂಲವೆಂಬುದನ್ನು ಬೇರೆ ಹೇಳಬೇಕೆ?

ಕಾಯಿದೆ ಬೇಕೆಂಬ ಕೂಗು ಎದ್ದುದೂ ಇಲ್ಲಿಂದಲ್ಲ, ಮ್ಯಾಂಚೆಸ್ಟರಿನಿಂದಲೇ. ಇಪ್ಪತ್ತು ವರುಷಗಳ ಹಿಂದೆ ಬೇಲಿಯನ್ನು ಮುರಿಯಲು ಹಣ ಕೂಡಿಸಿದ್ದ ಅದೇ ನಾಡು 1870ರ ದಶಕದಲ್ಲಿ ಮುಂಬಯಿಯ ಕೂಲಿಗಾರರ ಪಾಡಿಗಾಗಿ ಮರುಗತೊಡಗಿತು. ಮುಂಬಯಿಯ ನೂಲು ತಮ್ಮ ನೂಲಿಗೆ ಇದಿರಾಗುತ್ತಿದೆಯೆಂಬ ಭಯವು ಆ ಮರುಕದ ಒಳಗಿತ್ತು. 1875ರಲ್ಲಿ ಮುಂಬಯಿ ಸರಕಾರವು ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಅದರ ಬಹುಮತವು ಕಾಯಿದೆ ಅನಗತ್ಯವೆಂದಿತು.

ನಮ್ಮವರು ಏನೆಂದರು? ಇಲ್ಲಿಯೇ ಈ ಚರಿತ್ರೆಯ ಕಹಿಯಾದ ಪುಟವಿದೆ. ಆ ಕಾಲದ ರಾಷ್ಟ್ರೀಯ ಪತ್ರಿಕೆಗಳು ಹೆಚ್ಚುಕಡಿಮೆ ಒಂದೇ ಕಂಠದಿಂದ ಕಾಯಿದೆಯನ್ನು ವಿರೋಧಿಸಿದವು. ಕಲ್ಕತ್ತೆಯ ‘ಅಮೃತ ಬಜಾರ್ ಪತ್ರಿಕಾ’ ಎಂಬ ದಿಟ್ಟ ಪತ್ರಿಕೆಯು 1875ರಲ್ಲಿ, ನಮ್ಮ ಕೂಲಿಗಾರರಲ್ಲಿ ಸಾವು ಹೆಚ್ಚಾದರೂ ಚಿಂತೆಯಿಲ್ಲ, ಈಗತಾನೆ ತಲೆಯೆತ್ತುತ್ತಿರುವ ಈ ಉದ್ಯಮವು ಕುಸಿಯುವುದಕ್ಕಿಂತ ಅದೇ ಮೇಲು ಎಂಬರ್ಥದ ಮಾತನ್ನು ಬರೆಯಿತು. ಅದನ್ನು ಇಂದು ಓದುವಾಗ ಕಣ್ಣು ಆ ಸಾಲಿನ ಮೇಲೆ ನಿಂತುಬಿಡುತ್ತದೆ. ಬರೆದವರು ಬಡವರ ಶತ್ರುಗಳಲ್ಲ. ನೀಲಿಯ ತೋಟಗಾರರಿಂದ ನೊಂದ ರೈತರ ಪಕ್ಷವನ್ನು ಹಿಡಿದಿದ್ದವರು. ಮಾರ್ಟಿನೊವಿನಂತೆಯೇ ಇವರೂ ಒಳ್ಳೆಯವರು. ಆಕೆಗೆ ವಾಣಿಜ್ಯಸ್ವಾತಂತ್ರ್ಯವೆಂಬ ತತ್ತ್ವವು ಕಣ್ಣಿಗೆ ಅಡ್ಡವಾದಂತೆ ಇವರಿಗೆ ದೇಶದ ಉದ್ಯಮವು ಅಡ್ಡವಾಯಿತು.

ಇವರ ಸಂಶಯಕ್ಕೆ ಆಧಾರವಿರಲಿಲ್ಲವೆಂದಲ್ಲ. ಕೂಲಿಗಾರರಿಗಾಗಿ ಮರುಗುತ್ತಿದ್ದ ಅದೇ ಲಂಕಾಶೈರಿನ ಒತ್ತಾಯದಿಂದ, ಇಂಗ್ಲೆಂಡಿನಿಂದ ಬರುವ ದಪ್ಪ ಬಟ್ಟೆಯ ಮೇಲಣ ಸುಂಕವನ್ನು 1879ರಲ್ಲಿ ತೆಗೆಯಲಾಯಿತು; 1882ರಲ್ಲಿ ಬಟ್ಟೆಯ ಆಮದುಸುಂಕವೇ ಹೋಯಿತು; 1896ರಲ್ಲಿ ಇಲ್ಲಿನ ಗಿರಣಿಯ ಬಟ್ಟೆಯ ಮೇಲೆಯೇ ತೆರಿಗೆ ಕೂಡಿತು. ಮುಂಬಯಿಯ ಗಿರಣಿಗಳಿಗಾಗಿ ಕರಗಿದ ಹೃದಯವು ಆಂಗ್ಲರದೇ ಆಗಿದ್ದ ಅಸ್ಸಾಮಿನ ಚಹದ ತೋಟಗಳ ಕೂಲಿಗಳಿಗಾಗಿ ಏಕೆ ಕರಗುವುದಿಲ್ಲವೆಂದು ನಮ್ಮ ಪತ್ರಿಕೆಗಳು ಕೇಳಿದುದು ನ್ಯಾಯವಾಗಿಯೇ ಇದೆ. ಆದರೆ ಔಷಧವನ್ನು ಕೊಡುವವನ ಮನಸ್ಸು ಕೆಟ್ಟದೆಂಬ ಮಾತ್ರಕ್ಕೆ ರೋಗಿಗೆ ರೋಗವಿಲ್ಲವೆನ್ನಬಹುದೆ? ಪಟ್ಟೆಗೆ ಸಿಕ್ಕಿದ ಕೈಗೆ ಮ್ಯಾಂಚೆಸ್ಟರಿನ ಕಪಟವೂ ಮುಂಬಯಿಯ ದೇಶಾಭಿಮಾನವೂ ಒಂದೇ.

ಈ ಗದ್ದಲದ ನಡುವೆ ಬೇರೆ ಬಗೆಯಲ್ಲಿ ಯೋಚಿಸಿದವರು ಇಬ್ಬರು. ಒಬ್ಬರು ಸೊರಾಬಜಿ ಶಾಪುರಜಿ ಬೆಂಗಾಲಿ ಎಂಬ ಪಾರಸಿ ಗೃಹಸ್ಥರು. ಇವರು 1878ರಲ್ಲಿ ತಾವೇ ಒಂದು ಮಸೂದೆಯನ್ನು ಸಿದ್ಧಪಡಿಸಿದರು. ಮುಂಬಯಿ ಸರಕಾರವು ಅದಕ್ಕೆ ಬೆಂಬಲ ಕೊಡಲಿಲ್ಲ. ಆದರೂ ವಿಷಯವು ಕೇಂದ್ರ ಸರಕಾರದವರೆಗೆ ಮುಟ್ಟಿ, ಲಾರ್ಡ್ ರಿಪನ್ನರ ಕಾಲದಲ್ಲಿ 1881ರ ಕಾಯಿದೆಯಾಯಿತು. ಏಳು ವರುಷದೊಳಗಿನ ಮಕ್ಕಳು ಗಿರಣಿಯಲ್ಲಿ ದುಡಿಯಕೂಡದು, ಏಳರಿಂದ ಹನ್ನೆರಡರವರೆಗಿನವರು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಯಕೂಡದು, ಅಪಾಯಕಾರಿಯಾದ ಯಂತ್ರಕ್ಕೆ ಬೇಲಿ ಬೇಕು, ಅಪಘಾತವಾದರೆ ವರದಿಯಾಗಬೇಕು. ಯಂತ್ರಬಲದಿಂದ ನಡೆಯುವ, ನೂರು ಜನಕ್ಕೆ ಕಡಿಮೆಯಿಲ್ಲದ ಕಾರ್ಖಾನೆಗಳಿಗೆ ಮಾತ್ರ ಇದು ಅನ್ವಯಿಸುತ್ತಿತ್ತು. ಈ ನೂರು ಎಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನೊಬ್ಬರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿರಾವ್ ಫುಲೆಯವರ ಅನುಯಾಯಿಗಳು, ‘ದೀನಬಂಧು’ ಪತ್ರಿಕೆಯ ಸಂಪಾದಕರು. ಇವರು 1884ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಗಿರಣಿಯ ಜನರನ್ನು ಸಭೆ ಸೇರಿಸಿ, ಐದೂವರೆ ಸಾವಿರ ಜನರ ರುಜುಗಳುಳ್ಳ ಮನವಿಯೊಂದನ್ನು ಸಿದ್ಧಪಡಿಸಿದರು. ವಾರಕ್ಕೊಂದು ರಜೆ, ನಡುಹಗಲಿನಲ್ಲಿ ಅರ್ಧ ಗಂಟೆಯ ಬಿಡುವು, ತಿಂಗಳ ಸಂಬಳವನ್ನು ಮುಂದಿನ ತಿಂಗಳ ಹದಿನೈದರೊಳಗೆ ಕೊಡುವುದು ಇವುಗಳ ಸಂಗಡ ಇನ್ನೊಂದು ಬೇಡಿಕೆಯಿತ್ತು: ಕೆಲಸದಲ್ಲಿ ಭಾರಿಯಾಗಿ ಗಾಯಗೊಂಡವನಿಗೆ ಗುಣವಾಗುವವರೆಗೆ ಪೂರ್ಣ ಸಂಬಳ, ಜನ್ಮಕ್ಕೆ ಊನವಾದವನಿಗೆ ಹೊಟ್ಟೆಪಾಡಿನ ಏರ್ಪಾಡು. ಗಾಯಗೊಂಡವನು ಎಚ್ಚರವಾಗಿದ್ದನೋ ಮೈಮರೆತಿದ್ದನೋ ಎಂಬ ಪ್ರಶ್ನೆಯು ಆ ಬೇಡಿಕೆಯಲ್ಲಿಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು 1897ರಲ್ಲಿ ಮುಟ್ಟಿದ ತತ್ತ್ವವನ್ನು ಪರೇಲಿನ ಗಿರಣಿಯ ಜನರು ಹದಿಮೂರು ವರುಷ ಮೊದಲೇ ಕಾಗದದ ಮೇಲೆ ಬರೆದುಕೊಟ್ಟಿದ್ದರು. ನಮ್ಮ ದೇಶದಲ್ಲಿ ಅದು ಕಾಯಿದೆಯಾದುದು 1923ರಲ್ಲಿ, ಜಾರಿಗೆ ಬಂದುದು 1924ರ ಜುಲೈ 1ರಿಂದ. ಆ ಮನವಿಗೆ ಹೆಬ್ಬೆರಳೊತ್ತಿದವರಲ್ಲಿ ಎಷ್ಟು ಮಂದಿ ಅದನ್ನು ನೋಡಲು ಉಳಿದಿದ್ದರೋ!

1891ರಲ್ಲಿ ಕಾಯಿದೆಯನ್ನು ತಿದ್ದಿದಾಗಲೂ ರಾಷ್ಟ್ರೀಯ ಪತ್ರಿಕೆಗಳ ಧ್ವನಿ ಬಹಳ ಬದಲಾಗಲಿಲ್ಲ. ಬದಲಾದುದು ಮೊದಲನೆಯ ಮಹಾಯುದ್ಧದ ತರುವಾಯ. ಕೂಲಿಗಾರರೇ ಸಂಘಗಳನ್ನು ಕಟ್ಟಿಕೊಂಡ ಮೇಲೆ. 1920ರಲ್ಲಿ ಮುಂಬಯಿಯಲ್ಲಿ ಕೂಡಿದ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿಗೆ ಲಾಲಾ ಲಜಪತರಾಯರು ಅಧ್ಯಕ್ಷರಾದರು. ಗಿರಣಿಯ ಮಾಲೀಕನೂ ಗಿರಣಿಯ ಆಳೂ ಸಮನಾಗಿ ದೇಶವೆಂಬ ಮಾತು ಅಂದಿನಿಂದ ಕಿವಿಗೆ ಬೀಳತೊಡಗಿತು. ಸ್ವಾತಂತ್ರ್ಯ ಬಂದ ಮರುವರುಷವೇ ಆದ, 1949ರ ಏಪ್ರಿಲ್ 1ರಿಂದ ನಡೆದ ಫ್ಯಾಕ್ಟರಿ ಕಾಯಿದೆಯಲ್ಲಿ ಬೇಲಿಗೆ ಇಪ್ಪತ್ತೊಂದನೆಯ ಕಲಮು ಮೀಸಲಾಯಿತು. ಅದರ ಮುಂದಿನ ಕಲಮು ನನಗೆ ಇನ್ನೂ ಮುಖ್ಯವಾಗಿ ತೋರುತ್ತದೆ. ಓಡುವ ಯಂತ್ರವನ್ನು ಪರೀಕ್ಷಿಸಬೇಕಾದರೆ, ಎಣ್ಣೆ ಬಿಡಬೇಕಾದರೆ, ಆ ಕೆಲಸವನ್ನು ತರಬೇತಾದ ವಯಸ್ಕ ಗಂಡಸೇ ಮಾಡಬೇಕು. ಅವನು ಮೈಗೆ ಬಿಗಿಯಾದ ಉಡುಪನ್ನು ತೊಟ್ಟಿರಬೇಕು. ಆ ಉಡುಪನ್ನು ಒದಗಿಸಬೇಕಾದವನು ಕಾರ್ಖಾನೆಯ ಒಡೆಯ. ನಮ್ಮೂರ ಗಿರಣಿಯವನು “ಸೆರಗು ಸಿಗಿಸಿಕೊಳ್ಳಿ” ಎಂದು ಕೂಗುತ್ತಿದ್ದನಷ್ಟೆ. ಕಾಯಿದೆಯು ಅವನತ್ತ ತಿರುಗಿ, ಬಟ್ಟೆಯನ್ನು ನೀನು ಕೊಡು ಎಂದಿತು.

ಬೇಲಿ ಕಟ್ಟಲು ಬಾರದ ಅಪಾಯಗಳೂ ಇವೆ. ಕೋಲಾರದ ಚಿನ್ನದ ಗಣಿಗಳನ್ನು ಕನ್ನಡಿಗರು ಬಲ್ಲರು. 1880ರಿಂದ ಜಾನ್ ಟೇಲರ್ ಕಂಪನಿಯವರು ತೋಡಿಸುತ್ತ ಹೋದ ಆ ಗಣಿಗಳು, ಚಾಂಪಿಯನ್ ರೀಫಿನಲ್ಲಿ ಹತ್ತು ಸಾವಿರ ಅಡಿಗಳಿಗಿಂತಲೂ ಕೆಳಕ್ಕೆ ಇಳಿದುವು. ಮೇಲಿನ ಬಂಡೆಗಳ ಭಾರಕ್ಕೆ ಸುರಂಗದ ಗೋಡೆಯು ಸಿಡಿದು ಸಾಯಿಸುವುದು ಅಲ್ಲಿ ಎಲ್ಲರಿಗೂ ತಿಳಿದ ಭಯವಾಗಿತ್ತು. ಸದ್ದಿಲ್ಲದೆ ಕೊಂದುದು ಧೂಳು. ಬೆಣಚುಕಲ್ಲನ್ನು ಯಂತ್ರದಿಂದ ಕೊರೆಯುವಾಗ ಏಳುವ ಸಣ್ಣ ಹುಡಿಯು ವರುಷಗಟ್ಟಲೆ ಶ್ವಾಸಕೋಶದಲ್ಲಿ ಕೂಡಿ, ಅದನ್ನು ಗಟ್ಟಿಯಾಗಿಸಿ, ಮನುಷ್ಯನನ್ನು ಏದುಸಿರಿಗೆ ತರುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಇದು ಬಹುಕಾಲ ಕ್ಷಯವೆಂದೋ ಕುಡಿತದ ಫಲವೆಂದೋ ನಡೆದುಹೋಗುತ್ತಿತ್ತು. 1930ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ನಾನಾ ದೇಶಗಳ ವೈದ್ಯರು ಕೂಡಿ ಈ ರೋಗವನ್ನು ಚರ್ಚಿಸಿದರು. 1940ರ ದಶಕದಲ್ಲಿ ಕೋಲಾರದ ಗಣಿಯವರ ಎದೆಗಳನ್ನು ಎಕ್ಸ್-ಕಿರಣದಿಂದ ಪರೀಕ್ಷಿಸಿದಾಗ ರೋಗವು ವ್ಯಾಪಕವಾಗಿರುವುದು ಗೊತ್ತಾಯಿತು. ಮೈಸೂರು ಸಂಸ್ಥಾನವು ಸ್ವಾತಂತ್ರ್ಯಕ್ಕೆ ಮೊದಲೇ ಈ ರೋಗಕ್ಕೆ ಪರಿಹಾರ ಕೊಡಿಸುವ ನಿಯಮಗಳನ್ನು ಮಾಡಿದುದು ಅದರ ಹಿರಿಮೆ. ಗಣಿಗಳು 2001ರಲ್ಲಿ ಮುಚ್ಚಿದವು.

ಧೂಳಿನ ಮುಂದೆ ‘ಎಚ್ಚರವಾಗಿರು’ ಎಂಬ ಮಾತಿನ ಪೊಳ್ಳುತನವು ಬಯಲಾಗುತ್ತದೆ. ಪಟ್ಟೆಯಿಂದ ಸರಿದು ನಿಲ್ಲಬಹುದು. ಉಸಿರಾಡದೆ ನಿಲ್ಲಲು ಯಾರಿಂದಾದೀತು? ಇಂಗ್ಲೆಂಡಿನ ಮೊದಲನೆಯ ಕಾರ್ಖಾನಾ ವೈದ್ಯಪರೀಕ್ಷಕರಾಗಿ 1898ರಲ್ಲಿ ನೇಮಕವಾದ ಥಾಮಸ್ ಲೆಗ್ಗೆ ಎಂಬವರು ತಮ್ಮ ಅನುಭವದ ಸಾರವಾಗಿ ಹೇಳಿದುದೂ ಇದನ್ನೇ: ಒಡೆಯನು ತಾನು ಮಾಡಬೇಕಾದುದೆಲ್ಲವನ್ನೂ ಮಾಡಿ ಮುಗಿಸುವವರೆಗೆ ಕೆಲಸಗಾರನು ತನ್ನನ್ನು ಕಾಪಾಡಿಕೊಳ್ಳಲು ಮಾಡಬಹುದಾದುದು ಬಹುಮಟ್ಟಿಗೆ ಏನೂ ಇಲ್ಲ. ಬಿಳಿಯ ಸೀಸದ ಬಣ್ಣವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದಕ್ಕೆ ತಮ್ಮ ಸರಕಾರವು ಸೇರದೆ ಹೋದಾಗ ಅವರು 1926ರಲ್ಲಿ ಹುದ್ದೆಯನ್ನೇ ಬಿಟ್ಟರು.

ಹಳೆಯ ಮಾತು ಸುಲಭವಾಗಿ ಸಾಯುವುದಿಲ್ಲ. 1984ರ ಡಿಸೆಂಬರ್ 2ರ ನ‌ಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಟು ಸಾವಿರಾರು ಜನ ಸತ್ತಾಗ, ವಿಷವನ್ನು ತಣ್ಣಗಿಡಬೇಕಾಗಿದ್ದ ಯಂತ್ರವು ನಿಂತಿದ್ದಿತು. ಸೋರಿದ ಅನಿಲವನ್ನು ಸುಡಬೇಕಾಗಿದ್ದ ಗೋಪುರವು ಕೆಲಸದಲ್ಲಿರಲಿಲ್ಲ. ಕಂಪನಿಯು ಕಂಡುಹಿಡಿದ ಕಾರಣವೋ, ಅಸಮಾಧಾನಗೊಂಡ ನೌಕರನೊಬ್ಬನು ಬೇಕೆಂದೇ ಪೀಪಾಯಿಗೆ ನೀರು ಬಿಟ್ಟನೆಂಬುದು! ಈ ಸಲ ಕಾಯಿದೆಯು ಹಿಂದಕ್ಕೆ ಹೋಗಲಿಲ್ಲ. 1987ರ ತಿದ್ದುಪಡಿಯು ಕೆಲಸಗಾರರ ಕ್ಷೇಮದ ಸಾಮಾನ್ಯ ಹೊಣೆಯನ್ನು ಒಡೆಯನ ಮೇಲೆ ಹೊರಿಸಿತು; ತಾವು ಬಳಸುವ ವಸ್ತುವಿನ ಅಪಾಯವೇನೆಂಬುದನ್ನು ತಿಳಿಯುವ ಹಕ್ಕನ್ನೂ, ಕೇಡು ಹತ್ತಿರ ಬಂದಿದೆಯೆಂದು ತೋರಿದಾಗ ಮೇಲಿನವರಿಗೆ ತಿಳಿಸಿ ಪರಿಹಾರ ಮಾಡಿಸುವ ಹಕ್ಕನ್ನೂ ಕೆಲಸಗಾರರಿಗೆ ಕೊಟ್ಟಿತು. ಎಚ್ಚರವೆಂಬ ಮಾತು ಅಲ್ಲಿಯೂ ಇದೆ. ಆದರೆ ಅಲ್ಲಿ ಎಚ್ಚರಿಸುವವನು ಕೆಲಸಗಾರ, ಎಚ್ಚರಗೊಳ್ಳಬೇಕಾದವನು ಒಡೆಯ.

ಇನ್ನು ಆ ನೂರು ಎಂಬ ಸಂಖ್ಯೆ. 1881ರಲ್ಲಿ ನೂರು ಜನರಿದ್ದರೆ ಕಾರ್ಖಾನೆಯೆನ್ನಿಸಿಕೊಳ್ಳುತ್ತಿದ್ದುದು 1891ರಲ್ಲಿ ಐವತ್ತಕ್ಕೆ ಇಳಿಯಿತು, 1922ರಲ್ಲಿ ಇಪ್ಪತ್ತಕ್ಕೆ, 1948ರಲ್ಲಿ ಹತ್ತಕ್ಕೆ. ಹೀಗೆ ಪ್ರತಿ ಸಲವೂ ಇನ್ನಷ್ಟು ಜನರು ಬೇಲಿಯ ಒಳಕ್ಕೆ ಬಂದರು. 2020ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಹೊಸ ಸಂಹಿತೆಯಲ್ಲಿ, ಯಂತ್ರಬಲವುಳ್ಳ ಕಾರ್ಖಾನೆಗೆ ಈ ಸಂಖ್ಯೆಯು ಮತ್ತೆ ಇಪ್ಪತ್ತಾಗಿದೆ. ಚಿಕ್ಕ ಉದ್ಯಮಗಳು ತಪಾಸಣೆಯ ಭಾರಕ್ಕೆ ಕುಗ್ಗಬಾರದೆಂಬುದು ಅದಕ್ಕೆ ಕೊಟ್ಟ ಸಮಾಧಾನ. ಹೊಸದಾಗಿ ತಲೆಯೆತ್ತುವ ಉದ್ಯಮದ ಮಾತನ್ನು ಈ ಚರಿತ್ರೆಯಲ್ಲಿ ಹಿಂದೆಯೂ ಒಮ್ಮೆ ಕೇಳಿದ್ದೇವೆ.

ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದವರು ಇಬ್ಬರು. ಚಿಕ್ಕ ಸ್ಥಳಗಳಿಗೂ ಕಾಯಿದೆಯನ್ನು ಹಬ್ಬಿಸುವ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ 1948ರ ಕಾಯಿದೆ ಕೊಟ್ಟಿತ್ತಾದರೂ, ಆ ಗಿರಣಿಯ ಬಾಗಿಲಿಗೆ ಯಾವ ಇನ್‌ಸ್ಪೆಕ್ಟರನೂ ಬಂದುದನ್ನು ನಾನು ಕಾಣೆ. ಹುಡುಗನ ಕೈ ಗುಣವಾದರೂ ನೆಟ್ಟಗಾಗಲಿಲ್ಲ. ಅವನು ಬೇರೆ ಕೆಲಸ ಹುಡುಕಿಕೊಂಡನು. ಕೆಲವು ತಿಂಗಳುಗಳ ಮೇಲೆ ಜೋಳ ಬೀಸಿಸಲು ಹೋದಾಗ ಪಟ್ಟೆಯ ಬದಿಯಲ್ಲಿ ಗಳುಗಳನ್ನು ಅಡ್ಡಗಟ್ಟಿದ್ದುದನ್ನು ಕಂಡೆವು. ಯಾರು ಹೇಳಿದರೋ, ಗಿರಣಿಯವನಿಗೆ ತಾನಾಗಿಯೇ ತೋಚಿತೋ ತಿಳಿಯದು. ಅವನು ಆಗಲೂ ಸೆರಗಿನ ಮಾತನ್ನು ಕೂಗುವುದನ್ನು ಬಿಟ್ಟಿರಲಿಲ್ಲ.